ರಾತ್ರಿಯ ಲೆಕ್ಕ ಬಲ್ಲ ಬಳ್ಳಿ

ಹಸ್ತ ಮಳೆ ಮುಗಿದು ಚಿತ್ತ ಮಳೆ ಹಿಡಿಯುವ ಹೊತ್ತಿಗೆ ಒಂದು ಮುಂಜಾನೆ ಹಿತ್ತಲ ಬಾಗಿಲು ತೆಗೆದರೆ ಗಾಳಿ ಬದಲಾಗಿರುತ್ತದೆ. ಹಿಂದಿನ ದಿನದವರೆಗೂ ಮೈಗೆ ಅಂಟುತ್ತಿದ್ದ ಗಾಳಿ ಅಂದು ಮೈ ಸವರಿ ಮುಂದೆ ಹೋಗುತ್ತದೆ. ತುಳಸಿ ಕಟ್ಟೆಯ ಕಲ್ಲು ಬರಿಗಾಲಿಗೆ ತಣ್ಣಗೆ ತಾಗುತ್ತದೆ. ಮೆಂತೆ ಪಲ್ಲೆಯ ಮಡಿಯಲ್ಲಿ ಎಲೆಗೊಂದು ಹನಿ ಇಬ್ಬನಿ. ಪಾರಿಜಾತದ ಬುಡದಲ್ಲಿ ರಾತ್ರಿಯೆಲ್ಲ ಉದುರಿದ ಹೂ, ಬಿಳಿ ಎಸಳು ಕೆಳಗೆ, ಕೇಸರಿ ತೊಟ್ಟು ಮೇಲೆ. ಸಿಂಧನೂರಿಗೆ ಬಂದು ಮನೆ ಮಾಡಿದ ಮೇಲೆ ನನ್ನ ಪಾಲಿಗೆ ವರ್ಷ ಶುರುವಾಗುವುದು ಅಂಥದೊಂದು ಮುಂಜಾನೆಯಿಂದಲೇ.

ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಶರತ್ಕಾಲವೆಂದರೆ ಎಲೆ ಉದುರುವ ಕಾಲ. ಮರಗಳು ಕೆಂಪಾಗಿ, ಕಂದಾಗಿ, ಕೊನೆಗೆ ಬೋಳಾಗುವ ಚಿತ್ರ. ಬಾಲ್ಯದಲ್ಲಿ ಅದನ್ನು ಓದಿ ಕಿಟಕಿಯಾಚೆ ನೋಡಿದರೆ ಅಲ್ಲಿ ಬೇವು ಹಸಿರಾಗಿ ನಿಂತಿರುತ್ತಿತ್ತು. ನಮ್ಮಲ್ಲಿ ಬೇವು ಎಲೆ ಉದುರಿಸುವುದು ಮಾಘ, ಫಾಲ್ಗುಣ ಬಂದ ಮೇಲೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಆಶ್ವಯುಜದ ಹೊತ್ತಿಗೆ ಬಿದ್ದಾಗಿರುತ್ತದೆ. ಬಿಸಿಲು ಹಿಂದೆ ಸರಿದು, ನೆಲದಲ್ಲಿ ಹಸಿ ಉಳಿದು, ಗುರೆಳ್ಳು ಹಳದಿ ಹೂ ಬಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವ ಕಾಲ ಇದು. ಬೇರೆ ನಾಡಿನ ಶರದೃತು ವಿದಾಯ ಹೇಳುತ್ತದೆ. ನಮ್ಮದು ಮನೆಗೆ ಬರುತ್ತದೆ.

ನನ್ನ ಹಿತ್ತಲು ದೊಡ್ಡದೇನಲ್ಲ. ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಅದರ ಮಣ್ಣು ಎರಿ. ಎರಿ ಮಣ್ಣಿನ ಗುಣ ಅರಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ನೀರು ಕುಡಿದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದು ಈ ಊರು ಭತ್ತದ ಊರಾಯಿತು. ಸುತ್ತಲಿನ ಕ್ಯಾಂಪುಗಳು, ಅಕ್ಕಿ ಮಿಲ್ಲುಗಳು, ಬೀದಿಯ ಗದ್ದಲ ಎಲ್ಲವೂ ಆ ನೀರಿನ ಬೆನ್ನಿಗೇ ಬಂದವು. ಆದರೆ ನೀರು ಬಸಿಯದೆ ನಿಂತ ಕಡೆ ಎರಿ ಮಣ್ಣು ಸವಳಾಗುತ್ತದೆ, ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ನನ್ನ ಹಿತ್ತಲ ಮೂಲೆಯಲ್ಲೂ ಹಾಗಾಗಿತ್ತು. ಮೊದಲ ವರ್ಷ ಹಚ್ಚಿದ ಟೊಮ್ಯಾಟೊ ಸಸಿಗಳೆಲ್ಲ ನಿಂತಲ್ಲೇ ಹಳದಿಯಾಗಿ ಸತ್ತವು.

ಮಡಿಗಳನ್ನು ಒಂದು ಗೇಣು ಎತ್ತರಿಸಿ, ನಡುವೆ ಕಾಲುವೆ ಬಿಟ್ಟು, ತಿಪ್ಪೆ ಗೊಬ್ಬರವನ್ನು ಬುಟ್ಟಿಗಟ್ಟಲೆ ಕಲಸಿದೆ. ಮಿಲ್ಲಿನ ಭತ್ತದ ಹೊಟ್ಟಿನ ಬೂದಿ ನಮ್ಮೂರಲ್ಲಿ ಬೇಕಾದಷ್ಟು ಸಿಗುತ್ತದೆ. ಅದು ಬೆರೆತ ಮಣ್ಣು ಕುರುಪಿಗೆ ಹಗುರಾಯಿತು, ಬೇರಿಗೆ ಉಸಿರಾಡಲು ದಾರಿಯಾಯಿತು. ಹಗುರಾದ ಮಣ್ಣನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದು ಪುಡಿ ಮಾಡಿದ ಸಂಜೆ ನನಗೆ ಇನ್ನೂ ನೆನಪಿದೆ. ಅಷ್ಟು ದಿನ ಬಾಡಿಗೆ ಊರಾಗಿದ್ದ ಸಿಂಧನೂರು ಅವತ್ತು ನನ್ನ ಊರಾಯಿತು.

ಈಗ ಆಶ್ವಯುಜದಲ್ಲಿ ಆ ಹಿತ್ತಲಿಗೆ ಬಂದು ನೋಡಬೇಕು. ಪುಂಡಿ ಪಲ್ಲೆ ಕೆಂಪು ಕಾಂಡದ ಮೇಲೆ ನಿಂತಿರುತ್ತದೆ. ರಾಜಗಿರಿ, ಸಬ್ಬಸಗಿ, ಹುಣಚಿಕ್ಕಿ ಒಂದರ ಮಗ್ಗುಲಲ್ಲಿ ಒಂದು. ಹೀರೆಬಳ್ಳಿ ಸಂಜೆಗೆ ಹೂ ಅರಳಿಸಿದರೆ ಕುಂಬಳ ಮುಂಜಾನೆಗೆ ಅರಳಿಸುತ್ತದೆ. ಜೇನು ಎರಡೂ ಹೊತ್ತು ಬಂದು ಹೋಗುತ್ತದೆ. ಟೊಮ್ಯಾಟೊ ಸಾಲುಗಳ ನಡುವೆ ಚೆಂಡುಹೂ. ಅದು ಬರಿ ಚೆಂದಕ್ಕಲ್ಲ; ಚೆಂಡುಹೂವಿನ ಬೇರಿನಿಂದ ಹೊರಡುವ ಒಂದು ರಸಾಯನ ಮಣ್ಣಿನಲ್ಲಿದ್ದು ಬೇರುಗಂಟು ಮಾಡುವ ಜಂತುಹುಳುಗಳನ್ನು ದೂರವಿಡುತ್ತದೆ. ಮುಳ್ಳು ತೊಟ್ಟಿನ ಬದನೆಕಾಯಿ ಬೆಳಗಿನ ತಂಪಲ್ಲಿ ಕೊಯ್ದು, ನಾಲ್ಕು ಸೀಳು ಮಾಡಿ, ಶೇಂಗಾ ಗುರೆಳ್ಳಿನ ಪುಡಿ ತುಂಬಿ ಎಣ್ಣೆಗಾಯಿ ಮಾಡಿದರೆ, ಜೋಳದ ರೊಟ್ಟಿ ತಟ್ಟುವ ಸದ್ದಿಗೇ ಮನೆಮಂದಿ ಅಡುಗೆಮನೆಗೆ ಬರುತ್ತಾರೆ. ಗಿಡದಿಂದ ಗಂಗಾಳಕ್ಕೆ ಅರ್ಧ ತಾಸು. ಆ ರುಚಿ ಸಂತೆಯ ಬದನೆಗೆ ಬಂದದ್ದನ್ನು ನಾನು ಕಂಡಿಲ್ಲ.

ಆದರೆ ಈ ಹಿತ್ತಲಲ್ಲಿ ನನಗೆ ಪಾಠ ಹೇಳಿದ್ದು ಅವರೆಬಳ್ಳಿ.

ಅವ್ವ ಲಿಂಗಸುಗೂರಿನಲ್ಲಿ ಇರುತ್ತಾಳೆ. ಒಂದು ವರ್ಷ ಮೃಗಶಿರ ಮಳೆಗೆ ಹೋದಾಗ ಸೀರೆಯ ಸೆರಗಿನಿಂದ ಗಂಟು ಬಿಚ್ಚಿ ಒಂದು ಹಿಡಿ ಅವರೆ ಬೀಜ ಕೊಟ್ಟಳು. ಬಿತ್ತಿದೆ. ಶ್ರಾವಣ ಬರುವಷ್ಟರಲ್ಲಿ ಬಳ್ಳಿ ಚಪ್ಪರ ತುಂಬಿ, ಗೋಡೆ ಹತ್ತಿ, ನಿಂಬೆ ಗಿಡವನ್ನೂ ತಬ್ಬಿತು. ಎಲೆಯೋ ಎಲೆ. ಒಂದು ಹೂವಿಲ್ಲ. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ನೀರು ಕಡಿಮೆ ಮಾಡಿದೆ. ಗಣಪತಿ ಹಬ್ಬ ಹೋಯಿತು, ಹೂ ಬರಲಿಲ್ಲ. ಆ ಜಾಗಕ್ಕೆ ಬೇರೇನಾದರೂ ಹಚ್ಚೋಣವೆಂದು ಕುಡಗೋಲು ಹಿಡಿದು ನಿಂತ ದಿನವೇ ಅವ್ವ ಬಂದಿದ್ದಳು. ಚಪ್ಪರದ ಕೆಳಗೆ ನಿಂತು ಎಲೆಗಳನ್ನು ಕೈಯಿಂದ ಸರಿಸಿ ಮೇಲೆ ನೋಡಿದಳು.

"ಯವ್ವಾ, ಅದನ್ಯಾಕ ಕೊಯ್ತಿ? ರಾತ್ರಿ ಇನ್ನಾ ಸಣ್ಣು ಅದಾವ. ಶೀಗಿ ಹುಣ್ಣಿಮಿ ದಾಟ್ಲಿ, ಅದರ ಪಾಡಿಗೆ ಅದು ಹೂ ಬಿಡತೈತಿ."

ಕುಡಗೋಲು ಗೂಟಕ್ಕೆ ಸಿಗಿಸಿದೆ. ಶೀಗಿ ಹುಣ್ಣಿಮೆ ದಾಟಿತು. ದೀಪಾವಳಿಯ ಹೊಸ್ತಿಲಲ್ಲಿ ಒಂದು ಬೆಳಿಗ್ಗೆ ಚಪ್ಪರದ ಮೇಲೆಲ್ಲ ನೇರಳೆ ಬಣ್ಣದ ತೆನೆಗಳು ಎದ್ದು ನಿಂತಿದ್ದವು.

ಅವ್ವನ ಮಾತು ಬರಿ ಮಾತಲ್ಲ, ಗಿಡಗಳ ಶಾಸ್ತ್ರವೂ ಅದನ್ನೇ ಹೇಳುತ್ತದೆ ಎಂಬುದು ಆಮೇಲೆ ತಿಳಿಯಿತು. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾಗಿ ರಾತ್ರಿ ಉದ್ದವಾದಾಗ. ಸೇವಂತಿಗೆಯೂ ಹಾಗೆಯೇ. ಗಿಡಗಳು ಹಗಲು ರಾತ್ರಿಯ ಉದ್ದಕ್ಕೆ ತಕ್ಕಂತೆ ಹೂ ಬಿಡುತ್ತವೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ ತೋರಿಸಿಕೊಟ್ಟರು. ಆಮೇಲಿನವರು ಇನ್ನೂ ಶೋಧಿಸಿ, ಗಿಡ ಅಳೆಯುವುದು ಹಗಲಿನ ಬೆಳಕನ್ನಲ್ಲ, ನಡುವೆ ಕಡಿಯದ ಕತ್ತಲನ್ನು ಎಂದು ಕಂಡುಕೊಂಡರು. ನಮ್ಮ ಸೀಮೆಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಇರುವ ಅಂತರ ಎರಡು ತಾಸಿಗೂ ಕಡಿಮೆ. ನಮ್ಮ ಗಮನಕ್ಕೇ ಬಾರದ ಆ ಸಣ್ಣ ಅಂತರವನ್ನು ಕಣ್ಣಿಲ್ಲದ ಬಳ್ಳಿ ಎಲೆಯಿಂದ ಓದಿಕೊಳ್ಳುತ್ತದೆ. ಈ ಕಾಯುವಿಕೆ ಬೇಡವೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಯಾವ ಕಾಲಕ್ಕೂ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಮಾಡಿಕೊಟ್ಟಿದ್ದಾರೆ. ಮಾರಿ ಬದುಕುವ ರೈತನಿಗೆ ಅದು ದೊಡ್ಡ ಉಪಕಾರ. ನನ್ನ ಚಪ್ಪರಕ್ಕೆ ಮಾತ್ರ ಅವ್ವನ ಬೀಜವೇ ಇರಲಿ ಎನಿಸಿತು. ಕಾಯಿಸಿ ಬರುವ ಹೂವಿನ ಸುಖ ಒಮ್ಮೆ ಕಂಡವರು ಅದನ್ನು ಬಿಟ್ಟುಕೊಡಲಾರರು.

ದೀಪಾವಳಿಗೆ ತವರಿಗೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಸಸಿಗಳೇ ಹೆಚ್ಚು. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಒಂದೇ ರಸ್ತೆ, ಹೆಚ್ಚುಕಡಿಮೆ 50 ಕಿಲೋಮೀಟರ್. ಬಸ್ಸಿನ ಕಿಟಕಿಯಲ್ಲಿ ಮೊದಲು ತೆನೆ ಬಾಗಿದ ಭತ್ತ. ಮುಂದೆ ಹೋದಂತೆ ತೊಗರಿ, ಹತ್ತಿ, ಸಜ್ಜೆ ಕೊಯ್ದ ಹೊಲ. ಹಸಿರು ತೆಳುವಾಗುತ್ತಾ ಕಲ್ಲು ಕಾಣತೊಡಗಿದರೆ ಮಸ್ಕಿ ಬಂತೆಂದು ಅರ್ಥ.

ಮಸ್ಕಿಯಲ್ಲಿ ಅಕ್ಕ ಇದ್ದಾಳೆ. ಮಲ್ಲಯ್ಯನ ಗುಡ್ಡ ಕಾಣುವಂತೆ ಅವಳ ಮನೆ. ಅಲ್ಲಿ ಅಗೆದರೆ ಒಂದು ಮೊಳಕ್ಕೆ ಬಂಡೆ. ಹಾಗಾಗಿ ಅಕ್ಕನ ತೋಟ ಡಬ್ಬಿಗಳಲ್ಲಿ, ಒಡೆದ ಕೊಡಗಳಲ್ಲಿ, ಕಲ್ಲು ಜೋಡಿಸಿ ಮಣ್ಣು ತುಂಬಿದ ಕಟ್ಟೆಗಳಲ್ಲಿ. ಕನಕಾಂಬರ, ಗೋರಂಟಿ, ನಂದಿಬಟ್ಟಲು, ಕಟ್ಟೆಯ ಅಂಚಿಗೆ ಹಾಗಲಬಳ್ಳಿ. ಹಗಲೆಲ್ಲ ಕಾದ ಬಂಡೆ ರಾತ್ರಿ ಮೆಲ್ಲಗೆ ಬಿಸಿ ಬಿಡುವುದರಿಂದ ಚಳಿ ಬಂದರೂ ಅವಳ ಮಲ್ಲಿಗೆ ಬೇಗ ಮಲಗುವುದಿಲ್ಲ ಎನ್ನುತ್ತಾಳೆ.

ಆ ಬಂಡೆಗಳ ನಾಡಿನಲ್ಲೇ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅದುವರೆಗೆ ಸಿಕ್ಕ ಶಾಸನಗಳೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳನ್ನಷ್ಟೇ ಹೇಳುತ್ತಿದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಕಲ್ಲಿನಲ್ಲಿ. ಅದೇ ದೊರೆ ಗಿರ್ನಾರ್ ಮೊದಲಾದ ಕಡೆ ಕೆತ್ತಿಸಿದ ಎರಡನೆಯ ಬಂಡೆಗಲ್ಲು ಶಾಸನದಲ್ಲಿ, ಔಷಧಿ ಗಿಡಗಳು, ಬೇರುಗಳು, ಹಣ್ಣುಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಇಲ್ಲದ ಕಡೆಗೆ ಒಯ್ದು ನೆಡುವುದು. ಅಕ್ಕನ ಡಬ್ಬಿಗಳ ನಡುವೆ ಕೂತಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಚೆಂಡುಹೂ, ಟೊಮ್ಯಾಟೊ, ಮೆಣಸಿನಕಾಯಿ ಅಮೆರಿಕದ ನೆಲದವು, ಸೇವಂತಿಗೆ ಚೀನಾದ್ದು. ನಮ್ಮ ದೇವರ ಕೊರಳಿಗೂ ನಮ್ಮ ಒಗ್ಗರಣೆಗೂ ಇವು ಎಂದೋ ನಮ್ಮವಾಗಿವೆ. ಯಾರೋ ಹೆಸರಿಲ್ಲದ ಕೈಗಳು ಬೀಜ ಕಟ್ಟಿಕೊಂಡು ಬಂದು, ಇನ್ನಾರದೋ ಅಂಗಳದಲ್ಲಿ ಊರಿ ಹೋದದ್ದರಿಂದ ನಮ್ಮ ಹಿತ್ತಲು ತುಂಬಿದೆ. ಅಕ್ಕನಿಗೆ ನಾನು ಬದನೆ ಸಸಿ ಕೊಡುತ್ತೇನೆ, ಅವಳು ಕನಕಾಂಬರದ ಬೀಜ ಕೊಡುತ್ತಾಳೆ. ಆ ದೊಡ್ಡ ಕೆಲಸದಲ್ಲಿ ನಮ್ಮದೂ ಒಂದು ಹಿಡಿ.

ಲಿಂಗಸುಗೂರಿನ ಅವ್ವನ ಹಿತ್ತಲದ್ದು ಕೆಂಪು ಮಸಾರಿ. ನೀರು ಹಾಕಿದರೆ ಹೀರಿ ಮುಗಿಸುತ್ತದೆ, ನಿಲ್ಲಿಸಿಕೊಳ್ಳುವುದಿಲ್ಲ. ಅವ್ವ ಒಂದು ತಂಬಿಗೆ ನೀರನ್ನೂ ವ್ಯರ್ಥ ಮಾಡುವವಳಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಕಾಯಿಪಲ್ಲೆ ತೊಳೆದದ್ದು ಚವಳಿಕಾಯಿಗೆ, ಕೈಕಾಲು ತೊಳೆದದ್ದು ಬಾಳೆಗೆ. ಅವರೆ ಕುಡಿಗೆ ಕರಿ ಹೇನು ಬಿದ್ದರೆ ಇಬ್ಬನಿ ಆರುವ ಮೊದಲೇ ಒಲೆಬೂದಿ ಉದುರಿಸುತ್ತಾಳೆ. ಹಸಿ ಎಲೆಗೆ ಬೂದಿ ಅಂಟಿ ನಿಲ್ಲುತ್ತದೆ. ಅವಳ ಬೀಜದ ಉಗ್ರಾಣವೆಂದರೆ ಅಡುಗೆಮನೆಯ ಗೋಡೆ. ಸವತೆ ಬೀಜಗಳನ್ನು ಹಸಿ ಕುಳ್ಳಿಗೆ ಒತ್ತಿ ಬಡಿದಿರುತ್ತಾಳೆ. ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ ಗಳಕ್ಕೆ ತೂಗುತ್ತದೆ, ಅಲುಗಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ.

ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಬಾಗಿಲಲ್ಲಿ ಕೂಡಿಸುವಾಗ ಹಿತ್ತಲೆಲ್ಲ ಅಂಗಳಕ್ಕೆ ಬರುತ್ತದೆ. ಚೆಂಡುಹೂ, ಉತ್ತರಾಣಿ ಕಡ್ಡಿ, ಹೊಲದ ಬದುವಿನಿಂದ ತಂದ ಗುರೆಳ್ಳಿನ ಹೂ. ನಮ್ಮ ತಾಲೂಕಿನ ಹಟ್ಟಿಯಲ್ಲಿ ನೆಲದ ಆಳದಿಂದ ಚಿನ್ನ ತೆಗೆಯುತ್ತಾರೆ. ಮಹಾನವಮಿಗೆ ನಾವು ಕೈಯಿಂದ ಕೈಗೆ ದಾಟಿಸುವ ಬಂಗಾರ ಬನ್ನಿ ಎಲೆ. ದೀಪಾವಳಿಯ ಬಂಗಾರ ಈ ಹಳದಿ ಹೂಗಳು. ಬುಟ್ಟಿ ತುಂಬ ಬಿಡಿಸಿದ ಹೂವನ್ನು ಅವ್ವ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಓಣಿಯ ಹತ್ತು ಮನೆಗೆ ಹಂಚಿ, ಕೊನೆಗೆ ಉಳಿದದ್ದು ನಮ್ಮ ಹೊಸ್ತಿಲಿಗೆ. ಸಂಜೆಗೆ ಅದೇ ಹತ್ತು ಮನೆಯಿಂದ ಒಂದು ಕಟ್ಟು ಪಲ್ಲೆ, ಎರಡು ಸವತೆಕಾಯಿ, ಒಂದು ಬಟ್ಟಲು ಹುಗ್ಗಿ ಬಂದಿರುತ್ತವೆ. ಲೆಕ್ಕ ಯಾರೂ ಇಡುವುದಿಲ್ಲ. ಹಿತ್ತಲಲ್ಲಿ ಬೆಳೆದದ್ದು ಹಂಚುವುದಕ್ಕೇ ಬೆಳೆದದ್ದು ಎಂಬುದು ಅವ್ವನ ಓಣಿಯ ನಡೆ.

ಕಳೆದ ಕಾರ್ತಿಕದಲ್ಲಿ ಅವ್ವ ಸಿಂಧನೂರಿಗೆ ಬಂದು ನಾಲ್ಕು ದಿನ ಉಳಿದಳು. ಚಪ್ಪರದ ಒಂದು ಮಗ್ಗುಲು ಹೂವಿನಿಂದ ತುಂಬಿ, ಇನ್ನೊಂದು ಮಗ್ಗುಲು ಬರಿ ಎಲೆಯಾಗಿ ನಿಂತದ್ದನ್ನು ತೋರಿಸಿದೆ. ನೀರು, ಮಣ್ಣು, ಬೀಜ ಎರಡೂ ಕಡೆ ಒಂದೇ. ಅವ್ವ ಹಗಲಲ್ಲಿ ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಹಿತ್ತಲಿಗೆ ಬಂದು, ಹಿಂಬಾಗಿಲ ಮೇಲೆ ಉರಿಯುತ್ತಿದ್ದ ಬಲ್ಬಿನ ಕಡೆ ಬೆರಳು ಮಾಡಿದಳು. ಹೂವಿಲ್ಲದ ಮಗ್ಗುಲಿನ ಮೇಲೆ ಅದರ ಬೆಳಕು ನೇರವಾಗಿ ಬೀಳುತ್ತಿತ್ತು. ಹಾವು ಚೇಳಿನ ಭಯಕ್ಕೆ ನಾನೇ ಇಡೀ ರಾತ್ರಿ ಹಚ್ಚಿಡುತ್ತಿದ್ದ ದೀಪ.

"ಅದಕ್ಕ ನಿದ್ದಿ ಬ್ಯಾಡೇನ ಯವ್ವಾ?" ಎಂದಳು.

ಬಲ್ಬು ಆರಿಸಿದೆ. ತುಳಸಿಯ ಮುಂದಿನ ಕಾರ್ತಿಕದ ಪಣತಿ ಒಂದೇ ಉಳಿಯಿತು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುತ್ತಾ ಬಂದಂತೆ ಬೂದಿ ಹಾಕಿದ ಮಡಿ, ಚೆಂಡುಹೂವಿನ ಸಾಲು, ಅವ್ವನ ಬಿಳಿ ಕೂದಲು ಒಂದೊಂದಾಗಿ ಕಂಡವು. ಎಳೆ ಅವರೆಕಾಯಿಯ ಸೊಗಡು ಮೆಲ್ಲಗೆ ಬಂತು. ಇಬ್ಬರೂ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆವು. ಹದಿನೈದು ದಿನ ಕಳೆದ ಮೇಲೆ ಫೋನಿನಲ್ಲಿ ಅವ್ವನಿಗೆ ಹೇಳಿದೆ: ಈ ಮಗ್ಗುಲಲ್ಲೂ ಮೊಗ್ಗು ಮೂಡಿವೆ.