ಅಂಜನಾಪುರದ ದಂಡೆಯಲ್ಲಿ ಸಿಕ್ಕ ಕಲ್ಲು

ಅಂಜನಾಪುರ ಜಲಾಶಯವನ್ನು ಎಲ್ಲರೂ ನೋಡುವುದು ಮಳೆಗಾಲದಲ್ಲಿ. ಕೋಡಿ ಬಿತ್ತು ಎಂಬ ಸುದ್ದಿ ಬಂದರೆ ಸಾಕು, ಶಿಕಾರಿಪುರದಿಂದ, ಶಿವಮೊಗ್ಗದಿಂದ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ನನಗೆ ಮಾತ್ರ ಅದು ಬೇಸಿಗೆಯಲ್ಲೇ ಇಷ್ಟ. ಏಪ್ರಿಲ್ ಮುಗಿಯುವ ಹೊತ್ತಿಗೆ ಕುಮುದ್ವತಿಯ ನೀರು ಒಳಕ್ಕೆ ಸರಿದು, ಸುತ್ತಲೂ ಕಲ್ಲುಗಳು ಎದ್ದು ನಿಲ್ಲುತ್ತವೆ. ಬಿಸಿಲು ಇಳಿದ ಮೇಲೆ ಆ ದಂಡೆಯಲ್ಲಿ ನಡೆದರೆ ಕಡಲ ತೀರದಲ್ಲಿ ನಡೆದ ಹಾಗೆಯೇ ಇರುತ್ತದೆ, ಉಪ್ಪಿನ ಗಾಳಿ ಒಂದಿಲ್ಲ ಅಷ್ಟೆ.

ನನಗೆ ಕಲ್ಲಿನ ಹುಚ್ಚು ಹಿಡಿದದ್ದು ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳ ಕಥೆ ಓದಿ. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನ ಬಡಗಿಯ ಮಗಳು, 1799ರಲ್ಲಿ ಹುಟ್ಟಿದವಳು. ಬಿರುಗಾಳಿಗೆ ಬಂಡೆ ಕುಸಿದಾಗಲೆಲ್ಲ ತೀರದಲ್ಲಿ ಪಳೆಯುಳಿಕೆ ಹುಡುಕಿ ಮಾರಿ ಮನೆ ನಡೆಸುತ್ತಿದ್ದಳು. ಹನ್ನೆರಡು ವರ್ಷದವಳಿದ್ದಾಗಲೇ ಅಣ್ಣನ ಜೊತೆ ಸೇರಿ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಎಲುಬುಗೂಡನ್ನು ಹೊರತೆಗೆದಳು. ಶಾಲೆಯ ಓದು ಹೆಚ್ಚಿಲ್ಲದ ಹುಡುಗಿಗೆ ಸಾಧ್ಯವಾದದ್ದು ಬಿಕಾಂ ಮಾಡಿದ ನನಗೇಕಾಗದು ಎಂದುಕೊಂಡೆ. ರಜೆಯಲ್ಲಿ ಗೋಕರ್ಣ, ಮುರುಡೇಶ್ವರದ ಬಂಡೆಗಳ ಮೇಲೆಲ್ಲ ಹತ್ತಿಳಿದು ಬರಿಗೈಯಲ್ಲಿ ಮನೆಗೆ ಬಂದೆ.

ಆಮೇಲೆ, 1979ರ ಮೇ ತಿಂಗಳಲ್ಲಿ, ಬ್ಯಾಂಕಿನ ಗೆಳೆಯರೊಂದಿಗೆ ಅಂಜನಾಪುರಕ್ಕೆ ಹೋದಾಗ ದಂಡೆಯಲ್ಲಿ ಒಂದು ಕಲ್ಲು ಸಿಕ್ಕಿತು. ಅಂಗೈಯಗಲದ ಹಲ್ಲೆ. ಅದರ ತಿಳಿ ಬಣ್ಣದ ಮುಖದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಹಾಗೆ ಜರೀಗಿಡದ ಎಲೆ! ಕವಲಿಗೆ ಕವಲು, ಅದಕ್ಕೊಂದು ಕಿರುಗವಲು. ನನ್ನ ಕೈ ನಡುಗಿತು ಎಂದರೆ ನೀವು ನಗಬಾರದು.

ಆ ಕಲ್ಲು ಬ್ಯಾಂಕಿನ ನನ್ನ ಮೇಜಿನ ಮೇಲೆ ವೋಚರುಗಳು ಹಾರದಂತೆ ಕೂತಿತು. ಕೌಂಟರಿಗೆ ಬಂದವರಿಗೆಲ್ಲ ತೋರಿಸಿದೆ. "ಕೋಟಿ ವರ್ಷದ ಹಿಂದಿನ ಎಲೆ ಸ್ವಾಮಿ" ಎನ್ನುತ್ತಿದ್ದೆ. 1985ರಲ್ಲಿ ಒಂದು ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ಕೇಳಿದಾಗ, ಚೀಟಿ ಬರೆದು ಒಯ್ದು ಇಟ್ಟೆ. ಅಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಬಹಳ ಹೊತ್ತು ಅದನ್ನೇ ನೋಡಿ ಕೇಳಿದ: "ಸಾರ್, ಇದು ಎಲೆ ಅಂತ ಹೇಗೆ ಗೊತ್ತು? ಎಲೆಗೆ ನಡುವೆ ನರ ಇರುತ್ತಲ್ಲ, ಇದಕ್ಕಿಲ್ಲ." ಸುತ್ತ ದೊಡ್ಡವರಿದ್ದರು. ನನಗೆ ಮುಜುಗರವಾಯಿತು. "ದೊಡ್ಡವರು ಹೇಳಿದಾಗ ಕೇಳೋದು ಕಲಿ" ಎಂದು ಗದರಿಬಿಟ್ಟೆ. ಹುಡುಗ ತಲೆ ತಗ್ಗಿಸಿ ಹೋದ.

ಮೂರು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಭೂವಿಜ್ಞಾನದ ನಿವೃತ್ತ ಮೇಷ್ಟ್ರು. ಪಾಯಸ ಬರುವ ಹೊತ್ತಿಗೆ ನನ್ನ ಮೊಬೈಲಿನಲ್ಲಿದ್ದ ಕಲ್ಲಿನ ಫೋಟೊ ತೋರಿಸಿದೆ. ಅವರು ಮೆತ್ತಗೆ ನಕ್ಕು, "ಇದು ಡೆಂಡ್ರೈಟ್. ಪಳೆಯುಳಿಕೆ ಅಲ್ಲ" ಎಂದರು. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಸೀಳಿನೊಳಗೆ ಇಳಿಯುತ್ತದೆ. ಅಲ್ಲಿ ಮ್ಯಾಂಗನೀಸ್ ಆಕ್ಸೈಡ್ ಹರಳುಗಟ್ಟುತ್ತ ಕವಲೊಡೆದು ಹರಡುತ್ತದೆ, ಚಳಿ ದೇಶಗಳಲ್ಲಿ ಕಿಟಕಿಯ ಗಾಜಿನ ಮೇಲೆ ಹಿಮ ಚಿತ್ತಾರ ಬಿಡಿಸಿದ ಹಾಗೆ. ಅದಕ್ಕೆ ನಡುವಿನ ನರವಿಲ್ಲ, ಎಡಬಲ ಸಮವಿಲ್ಲ. ಅಲ್ಲಿ ಗಿಡವೇ ಇರಲಿಲ್ಲ.

ನನ್ನ ಮುಖ ನೋಡಿ ಅವರು ಇನ್ನೊಂದು ಮಾತು ಹೇಳಿದರು: "ನೀವು ಬ್ಯಾಂಕಿನವರು. ಒಂದು ಕಳೆಯುವ ಲೆಕ್ಕ ಮಾಡಿದ್ದರೆ ಸಾಕಿತ್ತು." ನಮ್ಮ ಭಾಗದ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. 40 ಕೋಟಿ ವರ್ಷದಾಚೆಗೆ ಭೂಮಿಯ ಮೇಲೆ ಜರೀಗಿಡವೇ ಇರಲಿಲ್ಲ. 60 ಕೋಟಿ ವರ್ಷದಾಚೆಗೆ ಮೀನಿಲ್ಲ, ಚಿಪ್ಪಿಲ್ಲ. ಹುಟ್ಟದ ಗಿಡ ಎಲೆ ಬಿಟ್ಟೀತು ಹೇಗೆ? ಖಾತೆ ತೆರೆಯುವ ಮೊದಲೇ ಹಣ ಜಮಾ ಆದ ಹಾಗೆ. ಆ ಲೆಡ್ಜರನ್ನು ನಲವತ್ತು ವರ್ಷ ಟ್ಯಾಲಿ ಮಾಡದೆ ಬಿಟ್ಟವನು ನಾನು.

"ಹಾಗಾದರೆ ನಮ್ಮ ಕಡೆ ಪಳೆಯುಳಿಕೆಯೇ ಇಲ್ಲವೇ?" ಎಂದೆ. "ಇದೆ. ಕುಂಸಿಗೆ ಹೋಗಿ" ಎಂದರು.

ಕುಂಸಿ ಎಂದರೆ ನಮಗೆಲ್ಲ ಗೊತ್ತಿದ್ದದ್ದು ಮ್ಯಾಂಗನೀಸ್ ಗಣಿಗೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿದೆ. ಅದನ್ನು ದಾಟಿ ಮುಂದೆ ಚೋರಡಿಗೆ ಬಂದರೆ ಇದೇ ಕುಮುದ್ವತಿ ಅಡ್ಡ ಸಿಗುತ್ತಾಳೆ, ಅಂಜನಾಪುರದ ಕಡೆ ಹೊರಟವಳು. ಎಂಟನೆಯ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಮೇಷ್ಟ್ರ ಜೊತೆ ಹೋದೆ. ಅವಳು ಚೀಲದಲ್ಲಿ ಒಂದು ಸುತ್ತಿಗೆಯನ್ನೂ ಇಟ್ಟುಕೊಂಡಿದ್ದಳು.

ಮೇಷ್ಟ್ರು ತೋರಿಸಿದ ಸುಣ್ಣಕಲ್ಲಿನ ಬಂಡೆ ನೋಡಿ ಅವಳ ಮುಖ ಸಪ್ಪಗಾಯಿತು. ಎಲೆ ಇಲ್ಲ, ಎಲುಬಿಲ್ಲ. ಬೂದು ಬಣ್ಣದ ಕಲ್ಲಿನಲ್ಲಿ ಗುಮ್ಮಟದ ಮೇಲೆ ಗುಮ್ಮಟ ಇಟ್ಟಂತೆ ತೆಳು ಗೆರೆಗಳು. ಎಲೆಕೋಸನ್ನು ನಡುವೆ ಕತ್ತರಿಸಿದರೆ ಕಾಣುತ್ತದಲ್ಲ, ಹಾಗೆ. ಒಬ್ಬನೇ ಹೋಗಿದ್ದರೆ ನಾನು ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ.

ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ವಯಸ್ಸು ಸುಮಾರು 260 ಕೋಟಿ ವರ್ಷ. ಆಗ ಇಲ್ಲಿ ಕಾಡಿರಲಿಲ್ಲ, ಅಡಿಕೆ ತೋಟವಿರಲಿಲ್ಲ. ಆಳವಿಲ್ಲದ ಕಡಲಿತ್ತು. ಆ ನೀರಿನ ತಳದಲ್ಲಿ ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳು ಲೋಳೆಯಂಥ ಚಾಪೆ ಹಾಸಿಕೊಂಡು ಬದುಕಿದ್ದವು. ಅಲೆ ತಂದ ಸಣ್ಣ ಕಣಗಳು ಲೋಳೆಗೆ ಅಂಟುತ್ತಿದ್ದವು. ಬೆಳಕು ತಪ್ಪಿದರೆ ಬದುಕಿಲ್ಲ, ಹಾಗಾಗಿ ಅವು ಅದರ ಮೇಲಕ್ಕೆ ಬಂದು ಮತ್ತೊಂದು ಚಾಪೆ ಹಾಸುತ್ತಿದ್ದವು. ಹೀಗೆ ಪದರದ ಮೇಲೆ ಪದರ. ಆಸ್ಟ್ರೇಲಿಯಾದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ ಇಂಥವು ಇಂದಿಗೂ ಜೀವಂತವಾಗಿವೆ. ಅಲ್ಲಿ ಅವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ನಮ್ಮ ರಾಜ್ಯದಲ್ಲೇ ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲೂ ಇವುಗಳ ಹಳೆಯ ಬಂಡೆಗಳಿವೆ.

"ಇದರಿಂದ ನಮಗೇನು ಅಜ್ಜ?" ಎಂದಳು ಮೊಮ್ಮಗಳು. ಉತ್ತರ ಕೊಟ್ಟದ್ದು ಮೇಷ್ಟ್ರು. "ಒಮ್ಮೆ ಉಸಿರು ಎಳಕೊ" ಎಂದರು. ಎಳೆದುಕೊಂಡಳು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ. ಈ ಜೀವಿಗಳ ಬಂಧುಗಳೇ ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಹೊರಬಿಡುತ್ತ ಬಂದು, ಸುಮಾರು 240 ಕೋಟಿ ವರ್ಷದ ಹಿಂದೆ ಅದು ಗಾಳಿಯಲ್ಲಿ ಸೇರತೊಡಗಿತು. ಅವು ಕಟ್ಟಿದ ಸಣ್ಣ ಸಣ್ಣ ಕಂತುಗಳ ಮೇಲೆ ನಾವೆಲ್ಲ ಉಸಿರಾಡುತ್ತಿದ್ದೇವೆ.

ಮೊಮ್ಮಗಳು ಸುತ್ತಿಗೆ ತೆಗೆದಳು. "ಒಂದೇ ಒಂದು ಚೂರು, ಅಜ್ಜನ ಮೇಜಿಗೆ." ನನಗೂ ಆಸೆಯಾಯಿತು, ಸುಳ್ಳು ಹೇಳಲಾರೆ. ಆದರೆ ನಮ್ಮದೇ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ನೆನಪಾಯಿತು. ಒಂದೂವರೆ ಸಾವಿರ ವರ್ಷದ ಕದಂಬರ ಬರಹ. ಅದರ ಒಂದು ಅಕ್ಷರ ಕಿತ್ತು ಮನೆಗೆ ತಂದರೆ ಓದುವುದೇನನ್ನು? ಬಂಡೆಯಲ್ಲಿದ್ದರೆ ಅದು ಕಡಲಿನ ಬರಹ. ಕಿತ್ತು ತಂದರೆ ಬರಿ ಕಾಗದ ಒತ್ತುವ ಕಲ್ಲು. ಸುತ್ತಿಗೆ ಚೀಲಕ್ಕೆ ಮರಳಿತು. ಅವಳು ನೋಟ್‌ಬುಕ್ಕಿನಲ್ಲಿ ಗೆರೆಗಳನ್ನು ಬಿಡಿಸಿಕೊಂಡಳು. ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದೆವು.

ಅಂಜನಾಪುರದ ಕಲ್ಲನ್ನು ನಾನು ಎಸೆಯಲಿಲ್ಲ. ಮೊನ್ನೆ ಬೇಸಿಗೆ ರಜೆಗೆ ಮುಂಚೆ ಅದೇ ಶಾಲೆಗೆ ಕೊಟ್ಟು ಬಂದೆ. ಹೊಸ ಚೀಟಿ ಬರೆದದ್ದು ಮೊಮ್ಮಗಳು: "ಇದು ಜರೀಗಿಡ ಅಲ್ಲ. ಮ್ಯಾಂಗನೀಸ್ ಬಿಡಿಸಿದ ಚಿತ್ರ. ನಮ್ಮಜ್ಜ ನಲವತ್ತು ವರ್ಷ ಮೋಸ ಹೋಗಿದ್ದರು." ಕೊನೆಯ ಸಾಲು ಬೇಡ ಎಂದೆ. ಇರಲಿ ಎಂದಳು. ಇರಲಿ ಎಂದು ಬಿಟ್ಟೆ.

ಅಂದು ಪ್ರಶ್ನೆ ಕೇಳಿದ ಹುಡುಗನ ಹೆಸರು ನನಗೆ ತಿಳಿದಿಲ್ಲ. ಅವನಿಗೀಗ ಐವತ್ತು ವರ್ಷವಾಗಿರಬೇಕು. ಮನೆಯಲ್ಲಿ ಈ ಪತ್ರಿಕೆ ತರಿಸುತ್ತಿದ್ದರೆ ಅವನಿಗೊಂದು ಮಾತು: ಮಗು, ನೀನು ಕೇಳಿದ್ದು ಸರಿಯಾಗಿತ್ತು. ಎಲೆಗೆ ನರ ಇರಲೇಬೇಕು. ಗದರಿದ್ದು ನನ್ನ ತಪ್ಪು.