ಬೆಳ್ಳಿಯ ಪಥ್ಯ

ಮಧುಗಿರಿಯ ಬೆಟ್ಟದ ತಪ್ಪಲಿನಲ್ಲಿ ನಮ್ಮ ಮನೆ. ಹೊಲದ ಕಡಲೆಕಾಯಿ ಮೂಟೆಗಳು ನಡುಮನೆಗೆ ಬಂದುವೆಂದರೆ ಇಲಿಗಳ ಸಂತೆ ಕೂಡಿತೆಂದೇ ತಿಳಿಯಬೇಕು. ಆದಕಾರಣ ನಮ್ಮ ಸೀಮೆಯ ಗೃಹಸ್ಥರಿಗೆ ಬೆಕ್ಕು ವಿಲಾಸದ ಪ್ರಾಣಿಯಲ್ಲ, ಮನೆಯ ಕಾವಲುಗಾರ. ನಮ್ಮಲ್ಲಿಗೆ ಆ ಉದ್ಯೋಗಕ್ಕೆ ಬಂದದ್ದು ಬೆಳ್ಳಿ. ಆದರೆ ಬಂದ ಒಂದೆರಡು ತಿಂಗಳಿಗೆ ಅದು ಕಾವಲನ್ನು ಬಿಟ್ಟು ನಮ್ಮ ತಾಯಿಯವರ ಮಡಿಲನ್ನು ಹಿಡಿಯಿತು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಪಾವಗಡದ ಮನೆಯನ್ನು ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಹೊಸ ಊರಿನಲ್ಲಿ ಅವರ ಮಾತಿಗೆ ದೊರೆತ ಮೊದಲ ಜೀವ ಅದೇ. ಎರಡು ಹೊತ್ತೂ ಬಟ್ಟಲು ತುಂಬ ಹಾಲನ್ನವನ್ನು ಕಲಸಿ ಅದರ ಮುಂದಿಟ್ಟು, ಅದು ತಿಂದು ಮುಗಿಸುವವರೆಗೆ ಪಕ್ಕದಲ್ಲಿಯೇ ಕುಳಿತಿರುವರು.

ಕಳೆದ ಕಾರ್ತಿಕ ಮಾಸದಲ್ಲಿ ಬೆಳ್ಳಿಗೆ ಒಂದು ಕೇಡು ತಗಲಿತು. ಉಂಡ ಕಾಲುಗಂಟೆಯೊಳಗಾಗಿ ಉಂಡುದೆಲ್ಲವನ್ನೂ ಹಾಗೆಯೇ ಕಕ್ಕಿಬಿಡುವುದು. ಮೊದಮೊದಲು ವಾರಕ್ಕೊಮ್ಮೆ, ಬಳಿಕ ದಿನ ಬಿಟ್ಟು ದಿನ. ಒಮ್ಮೆ ದೇವರ ಮನೆಯ ಹೊಸ್ತಿಲ ಬಳಿ, ಒಮ್ಮೆ ಆಗತಾನೆ ಮಡಿಸಿಟ್ಟ ಜಮಖಾನದ ಮೇಲೆ. ಒರೆಸಿ ಒರೆಸಿ ಬೇಸತ್ತ ನನ್ನ ಮನೆಯವಳು, "ಇದನ್ನು ಎಲ್ಲಿಯಾದರೂ ಬಿಟ್ಟುಬನ್ನಿ" ಎಂದಳು. ಆ ರಾತ್ರಿ ತಾಯಿಯವರು ಊಟ ಮಾಡಲಿಲ್ಲ.

ರೋಗವೊಂದು ಬಂದರೆ ವೈದ್ಯರಿಗೆ ಬರಗಾಲವುಂಟೆ? ಕೊರಟಗೆರೆಯ ಭಾವನವರು ಸಿದ್ಧರಬೆಟ್ಟದ ಯಾವುದೋ ಬೇರನ್ನು ತೇಯ್ದು ಕುಡಿಸಬೇಕೆಂದರು. ಶಿರಾದ ಸೋದರಮಾವನವರು ಜ್ವರದ ಮಾತ್ರೆಯಲ್ಲಿ ಕಾಲುಭಾಗ ಸಾಕೆಂದು ದೂರವಾಣಿಯಲ್ಲಿ ತಿಳಿಸಿದರು. ನೆರೆಮನೆಯ ಅಜ್ಜಿಯವರು ದೃಷ್ಟಿಯೆಂದು ನಿವಾಳಿಸಿ ಹೋದರು. ತಾಯಿಯವರ ಚಿಕಿತ್ಸೆ ಒಂದೇ: "ಪಾಪ, ಹೊಟ್ಟೆ ಬರಿದಾಯಿತಲ್ಲ!" ಎಂದು ಮತ್ತೊಂದು ಬಟ್ಟಲು ಹಾಲು. ನಾನಂತೂ ಮಾವನವರ ಮಾತನ್ನು ನಂಬಿ ಮಾತ್ರೆಯನ್ನು ಮುರಿದೂ ಇಟ್ಟಿದ್ದೆನು. ಏಕೋ ಕೈ ಹಿಂಜರಿಯಿತು. ಮರುದಿನ ಬೆಳಗ್ಗೆ ಬೆಳ್ಳಿಯನ್ನು ಕುಕ್ಕೆಯಲ್ಲಿ ಕೂರಿಸಿ, ಮೇಲೊಂದು ಪಂಚೆಯನ್ನು ಬಿಗಿದು, ಪಶುವೈದ್ಯರಲ್ಲಿಗೆ ಹೊತ್ತು ನಡೆದೆನು. ಹಸುವನ್ನೂ ಕುರಿಯನ್ನೂ ಹಿಡಿದು ನಿಂತಿದ್ದ ರೈತರು ನನ್ನ ಕುಕ್ಕೆಯನ್ನು ನೋಡಿ ನಸುನಕ್ಕರು.

ವೈದ್ಯರು ಮೊದಲು ಔಷಧವನ್ನು ಬರೆಯಲಿಲ್ಲ, ಪ್ರಶ್ನೆಗಳನ್ನು ಕೇಳಿದರು. ಉಂಡ ಎಷ್ಟು ಹೊತ್ತಿಗೆ ಕಕ್ಕುವುದು? ಅನ್ನದ ಅಗುಳು ಹಾಗೆಯೇ ಇರುವುದೋ, ಅರಗಿರುವುದೋ? ಮೈ ಇಳಿದಿದೆಯೆ? ಕತ್ತಿನ ಚರ್ಮವನ್ನು ಎತ್ತಿ ಬಿಟ್ಟು, ಅದು ಕೂಡಲೇ ತನ್ನ ಸ್ಥಾನಕ್ಕೆ ಮರಳಿದುದನ್ನು ಕಂಡು, ಮೈಯಲ್ಲಿ ನೀರು ಬತ್ತಿಲ್ಲವೆಂದರು. ಕಡೆಗೆ, "ಉಣ್ಣುವಾಗ ಬೇರೆ ಬೆಕ್ಕೇನಾದರೂ ಸುಳಿಯುವುದೆ?" ಎಂದರು. ಹಿತ್ತಲ ಗೋಡೆಯ ಮೇಲೆ ತಿಂಗಳಿಂದ ಬಂದು ಕೂರುತ್ತಿದ್ದ ಕರಿಯ ಗಂಡುಬೆಕ್ಕು ನನಗೆ ಆಗ ನೆನಪಾಯಿತು.

"ಅದೇ ಕಾರಣವಿರಬೇಕು ಸ್ವಾಮಿ. ಕಿತ್ತುಕೊಂಡಾರೆಂಬ ಭಯದಿಂದ ಅಗಿಯದೆ ನುಂಗುತ್ತದೆ, ನುಂಗಿದ್ದು ನಿಲ್ಲದೆ ಹಿಂದಿರುಗುತ್ತದೆ. ಮರಿಗೆ ಹಾಲನ್ನು ಅರಗಿಸುವ ಶಕ್ತಿಯುಂಟು. ಬೆಳೆದ ಬೆಕ್ಕಿನಲ್ಲಿ ಅದು ಕುಂದುತ್ತದೆ. ಹಾಲು ಅದರ ಹೊಟ್ಟೆಯನ್ನು ಕೆಡಿಸುವುದೇ ಹೆಚ್ಚು. ಬರಿಯ ಅನ್ನವೂ ಸಾಲದು, ಅದು ಮಾಂಸಾಹಾರಿ" ಎಂದರು. ಮಾತ್ರೆಯ ಸಂಗತಿಯನ್ನು ಹೇಳಿದೊಡನೆ ಅವರ ಮುಖ ಗಂಭೀರವಾಯಿತು. "ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು." ನನ್ನ ಕೈ ತಣ್ಣಗಾಯಿತು.

ಅವರು ವಿಧಿಸಿದ ಪಥ್ಯವಿಷ್ಟೆ: ಹುಳುವಿಗೆ ಒಂದು ಔಷಧ, ದಿನದ ಆಹಾರವನ್ನು ನಾಲ್ಕು ಪಾಲು ಮಾಡುವುದು, ಆಳವಾದ ಬಟ್ಟಲನ್ನು ಬಿಟ್ಟು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡುವುದು, ಹಾಲಿಗೆ ಬದಲು ನೀರು. ಅಡಿಗೆಯ ಮನೆಗೆ ಮಾಂಸ ಬಾರದ ಮನೆ ನಮ್ಮದಾದುದರಿಂದ, ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಆಹಾರವನ್ನು ಡಬ್ಬಿಯಲ್ಲಿ ತುಂಬಿ ಹಿತ್ತಲ ಜಗಲಿಯ ಮೇಲಿರಿಸಿದೆವು. ಅದನ್ನು ನೀರಿನಲ್ಲಿ ನೆನೆಸಿ ಕೊಡತಕ್ಕದ್ದು.

ಕಠಿನವಾದ ಕೆಲಸ ಇನ್ನೂ ಉಳಿದಿತ್ತು. ಹಾಲು ಕೂಡದೆಂದಾಗ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಅದಕ್ಕೆ ಏನು ಕೊಡಲಪ್ಪ?" ಎಂದರು. ಆ ಪ್ರಶ್ನೆ ಬೆಕ್ಕಿನದು ಮಾತ್ರವಲ್ಲವೆಂದು ನನಗೆ ಹೊಳೆಯಿತು. "ಅಮ್ಮ, ದಿನಕ್ಕೆ ನಾಲ್ಕು ಸಲ ಹೊತ್ತು ತಪ್ಪದೆ ಕೊಡಬೇಕಂತೆ. ಅದು ಉಣ್ಣುವಾಗ ಯಾರಾದರೂ ಕಾವಲಿರಬೇಕಂತೆ. ನಿಮ್ಮಿಂದಲ್ಲದೆ ಯಾರಿಂದಾದೀತು?" ಎಂದೆನು. ಮರುದಿನದಿಂದ ಅವರು ಕೋಲೊಂದನ್ನು ಪಕ್ಕದಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕುಳಿತರು. ಹತ್ತು ದಿನಗಳಲ್ಲಿ ವಾಂತಿ ನಿಂತಿತು. ನನ್ನ ಮನೆಯವಳು ಒರೆಸುವ ಬಟ್ಟೆಯನ್ನು ಮೂಲೆಗಿಟ್ಟಳು.

ಆದರೆ ಎಲ್ಲ ವಾಂತಿಯೂ ಆತುರದ ಊಟದ ಫಲವಲ್ಲ. ಮೈ ನೆಕ್ಕಿದಾಗ ಹೊಟ್ಟೆಗೆ ಹೋದ ಕೂದಲನ್ನು ಎಂದೋ ಒಮ್ಮೆ ಕಕ್ಕಿ ಮತ್ತೆ ಆಡುತ್ತಿದ್ದರೆ ಹೆದರಬೇಕಾದುದಿಲ್ಲ. ಒಂದೇ ದಿನದಲ್ಲಿ ಮೇಲಿಂದ ಮೇಲೆ ಕಕ್ಕಿದರೆ, ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಒಂದು ದಿನವಿಡೀ ಏನನ್ನೂ ಮುಟ್ಟದೆ ಮುದುರಿ ಮಲಗಿದರೆ ತಡಮಾಡಬಾರದು. ಇಲಿಪಾಷಾಣ ತಿಂದ ಇಲಿಯನ್ನು ಹಿಡಿದಿರಬಹುದೆಂಬ ಸಂಶಯವಿದ್ದರೂ ಹಾಗೆಯೇ. ಹೂಮಾಲೆಯ ದಾರವನ್ನು ನುಂಗಿ ಅದರ ತುದಿ ಬಾಯಲ್ಲಿ ಕಂಡರೆ ಎಳೆಯಕೂಡದು. ಒಳಗೆ ಕರುಳು ಕೊಯ್ದೀತು. ಹಾಗೆಯೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ನಾವೆಲ್ಲರೂ ಬೆಳ್ಳಿಗೆ ಒಳ್ಳೆಯದನ್ನೇ ಬಯಸಿದ್ದೆವು. ನನ್ನ ಹಿತಚಿಂತನೆ ಅದನ್ನು ಕೊಲ್ಲುವುದರಲ್ಲಿತ್ತು. ತಾಯಿಯವರ ವಾತ್ಸಲ್ಯ ಅದರ ಹೊಟ್ಟೆಯನ್ನು ಕೆಡಿಸುತ್ತಿತ್ತು. ಕೊಡುವವರ ಮನಸ್ಸಿನ ಅಳತೆ ಬೇರೆ, ಉಣ್ಣುವವರ ಹೊಟ್ಟೆಯ ಅಳತೆ ಬೇರೆ. ಇದು ಬೆಕ್ಕಿಗೆ ಮಾತ್ರ ಸಲ್ಲುವ ಮಾತಲ್ಲವೆಂದು ಮಕ್ಕಳುಳ್ಳ ವಾಚಕರಿಗೆ ಹೇಳಬೇಕಾಗಿಲ್ಲ.

ಮೊನ್ನೆ ಹಿತ್ತಲಿಗೆ ಹೋದಾಗ ಕೋಲು ಗೋಡೆಗೆ ಒರಗಿತ್ತು. ಜಗಲಿಯ ಈ ತುದಿಯಲ್ಲಿ ಬೆಳ್ಳಿ ನಿಧಾನವಾಗಿ ಉಣ್ಣುತ್ತಿತ್ತು. ಆ ತುದಿಯಲ್ಲಿ ಮತ್ತೊಂದು ತಟ್ಟೆ. ಅದರ ಮುಂದೆ ಕರಿಯ ಬೆಕ್ಕು. ನಾನು ತಾಯಿಯವರ ಮುಖವನ್ನು ನೋಡಿದೆನು. "ಅದರ ಹೊಟ್ಟೆ ತುಂಬಿದರೆ ಇದು ಹೆದರುವುದೇಕೆ?" ಎಂದರು.