ರೋಬೋಟೂ ಇರ್ಲಿ, ದೇವ್ರೂ ಇರ್ಲಿ

ಓದೋದು-ನೋಡೋದು ಸರಣಿ, ಭಾಗ 6. ಕ್ಯಾಪ್ಷನ್ ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಿದವರು ಈಗ್ಲೇ ಓದಿ, ನಿಂತಿರೋರು ಸೇವ್ ಮಾಡ್ಕೊಳ್ಳಿ.

ಹೋದ ಭಾಗದ ಕೆಳಗೆ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ: "ನಿಂಗೆ ಕರೆಕ್ಟಾಗಿ ಯಾವ ಜಾನರ್ ಇಷ್ಟ? ದೆವ್ವನಾ, ಸೈನ್ಸ್ ಫಿಕ್ಷನ್ನಾ, ಪುರಾಣನಾ?" ಉತ್ತರ: ಎರಡು ಸೇರಿರೋದು. ಒಂದೇ ಇದ್ರೆ ನಂಗೆ ಅರ್ಧ ಊಟ ಮಾಡಿದ ಹಾಗೆ. ದೆವ್ವದ ಕಥೇಲಿ ಪಂಚಾಯ್ತಿ ರಾಜಕೀಯ ಬರ್ಬೇಕು, ವಿಜ್ಞಾನಿ ಇರೋ ಕಡೆ ದನ ಕಾಯೋ ಹುಡುಗನೂ ಇರ್ಬೇಕು.

ಇದಕ್ಕೆ ಕ್ಲಾಸಲ್ಲಿ ಬರೋ ಉತ್ತರ ನಿಮಗೂ ಗೊತ್ತು. "ದೆವ್ವದ ಪಿಕ್ಚರಲ್ಲಿ ದೆವ್ವ ಇರ್ಲಿ, ರಾಕೆಟ್ ಪಿಕ್ಚರಲ್ಲಿ ರಾಕೆಟ್ ಇರ್ಲಿ. ಎಲ್ಲಾ ಕಲಸಿದ್ರೆ ಕಲಸುಮೇಲೋಗರ. ಅದೆಲ್ಲ ಫಾರಿನ್ನವರು ಮಾಡಿದ್ರೇನೇ ಚೆಂದ."

ಈ ಕೊನೆಯ ಮಾತಿಗೆ ಮಾತ್ರ ನಾನು ಒಪ್ಪಲ್ಲ. ಯಾಕೆ ಅಂತ ನಮ್ಮ ಮೂರು ತಾಲ್ಲೂಕಿನ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು ತರೀಕೆರೆ ಕಡೆ ಬನ್ನಿ. ಅಮೃತಾಪುರದ ಅಮೃತೇಶ್ವರ ದೇವಸ್ಥಾನ, 1196ರದ್ದು, ಹೊಯ್ಸಳ ವೀರಬಲ್ಲಾಳನ ಕಾಲ. ಕವಿ ಜನ್ನನ ಪದ್ಯಗಳಿರೋ ಶಾಸನ ಅಲ್ಲೇ ಇದೆ. ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಫೋಟೋ ತೆಗ್ಸಿಕೊಂಡಿದ್ದೀವಿ, ಆದ್ರೆ ಗೋಡೆ ನೋಡಿದವರು ಕಮ್ಮಿ. ಇದು ಶಿವನ ಗುಡಿ. ಆದ್ರೂ ದಕ್ಷಿಣದ ಗೋಡೆ ಮೇಲೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಗೋಡೆಯಲ್ಲಿ 25 ಫಲಕ ಕೃಷ್ಣನ ಕಥೆ, 45 ಫಲಕ ಮಹಾಭಾರತ. ಇನ್ನೊಂದು ಮಜಾ: ಉತ್ತರದ ಕಥೆ ಪ್ರದಕ್ಷಿಣೆ ದಿಕ್ಕಲ್ಲಿ ಸಾಗಿದ್ರೆ, ರಾಮಾಯಣ ಉಲ್ಟಾ ದಿಕ್ಕಲ್ಲಿ ಸಾಗುತ್ತೆ. ಶಿವನ ಮನೇಲಿ ರಾಮ, ಕೃಷ್ಣ, ಪಾಂಡವರು ಎಲ್ಲಾ ಒಟ್ಟಿಗೆ. ಎಂಟುನೂರು ವರ್ಷದ ಹಿಂದೆ ಯಾರೂ ಅದನ್ನ ಕಲಸುಮೇಲೋಗರ ಅನ್ನಲಿಲ್ಲ, ಕೈಮುಗಿದ್ರು.

ಈಗ ಕಡೂರು ತಾಲ್ಲೂಕು. ದೇವನೂರು ಲಕ್ಷ್ಮೀಶನ ಊರು. ಹೈಸ್ಕೂಲಲ್ಲಿ ಜೈಮಿನಿ ಭಾರತ ಅಂದ್ರೆ ವಾರ್ಧಕ ಷಟ್ಪದಿ, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಮುಗೀತು. ಯಾರೂ ನಮಗೆ ಹೇಳದೇ ಇದ್ದಿದ್ದು ಏನಂದ್ರೆ, ಅದು ಪಕ್ಕಾ ಸೀಕ್ವೆಲ್. ಕುರುಕ್ಷೇತ್ರ ಮುಗಿದಿದೆ, ಅಶ್ವಮೇಧದ ಕುದುರೆ ಹೊರಟಿದೆ. ಜೊತೆಗೆ ಹೋಗೋರಲ್ಲಿ ಯಾರಿದ್ದಾನೆ ನೋಡಿ: ವೃಷಕೇತು, ಕರ್ಣನ ಮಗ. ಅಪ್ಪನನ್ನ ಕೊಂದ ಅರ್ಜುನನ ಪಕ್ಕದಲ್ಲೇ ನಿಂತು ಯುದ್ಧ ಮಾಡ್ತಾನೆ. ಕುದುರೆ ಹೋದ ಕಡೆಯೆಲ್ಲಾ ಹೊಸ ಲೋಕ. ಹೆಂಗಸರೇ ಆಳೋ ಪ್ರಮೀಳೆಯ ರಾಜ್ಯ ಒಂದು. ಆಮೇಲೆ ಮಣಿಪುರ. ಅಲ್ಲಿ ಅರ್ಜುನನಿಗೆ ಎದುರಾಗೋದು ಅವನದೇ ಮಗ ಬಭ್ರುವಾಹನ. ಇಲ್ಲಿ ಕವಿ ಕಥೆ ನಿಲ್ಲಿಸಿ, ಅಪ್ಪನ ಸೈನ್ಯದ ಮೇಲೇ ತಿರುಗಿಬಿದ್ದ ಇನ್ನಿಬ್ಬರು ಮಕ್ಕಳ ಕಥೆ ತರ್ತಾನೆ. ಲವ-ಕುಶ! ಮಹಾಭಾರತದ ಮಧ್ಯೆ ರಾಮಾಯಣ. ಕೊನೆಗೆ ಸತ್ತ ಅರ್ಜುನನನ್ನ ಬದುಕಿಸೋಕೆ ನಾಗಲೋಕದಿಂದ ಮಣಿ ಬರ್ಬೇಕು. 1977ರ ಬಭ್ರುವಾಹನ ಸಿನಿಮಾದಲ್ಲಿ ಅಪ್ಪ-ಮಗ ಎರಡೂ ಅಣ್ಣಾವ್ರೇ. ಅದನ್ನ ಟಿವಿಯಲ್ಲಿ ಹತ್ತು ಸಲ ನೋಡಿದ ನಾವು ಕ್ರಾಸೋವರ್ ಅನ್ನೋದು ಹೊರಗಿನ ಸರಕು ಅಂದ್ರೆ ಹೆಂಗೆ?

ಹಾಗಂತ ಕಲಸಿದ್ದೆಲ್ಲ ನಂಗೆ ಇಷ್ಟ ಅಂತಲ್ಲ. ಬಿಕಾಂ ಓದ್ತಿರೋದಕ್ಕೆ ನನ್ನ ಹತ್ರ ಒಂದು ಪರೀಕ್ಷೆ ಇದೆ: ಜರ್ನಲ್ ಎಂಟ್ರಿ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರ್ಬೇಕು. ಒಂದು ಲೋಕ ಇನ್ನೊಂದರೊಳಗೆ ಬಂದ್ರೆ, ಎರಡೂ ಕಡೆ ಏನೋ ಒಂದು ಕಳೀಬೇಕು, ಏನೋ ಒಂದು ಕೂಡ್ಬೇಕು. ಆಗ ಕಥೆ ಟ್ಯಾಲಿ ಆಗುತ್ತೆ.

ಅರ್ಜುನನನ್ನೇ ತಗೊಳ್ಳಿ. ಯಾರೂ ಸೋಲಿಸದವನು ಮಗನ ಕೈಲಿ ಸಾಯ್ತಾನೆ. ಗೆದ್ದ ಮಗನಿಗೆ ಗೆಲುವು ಬೇಡವಾಗುತ್ತೆ. ಟ್ಯಾಲಿ. ಸ್ಪೈಡರ್‌ಮ್ಯಾನ್ ನೋ ವೇ ಹೋಮ್ ನೋಡಿದವರು ನೆನಪು ಮಾಡ್ಕೊಳ್ಳಿ. ಮೂರು ಸ್ಪೈಡರ್‌ಮ್ಯಾನ್ ಒಟ್ಟಿಗೆ ಬಂದಾಗ ಥಿಯೇಟರಲ್ಲಿ ಸಿಳ್ಳೆ ಬಿತ್ತು. ಆದ್ರೆ ಕೊನೆಗೆ ಪೀಟರ್ ಯಾರು ಅಂತ ಅವನ ಪ್ರೀತಿಯ ಹುಡುಗಿಗೂ ನೆನಪಿರಲ್ಲ. ಅದೂ ಟ್ಯಾಲಿ. ಬರೀ ಹಳೇ ಹೀರೋನ ಬಾಗಿಲಿಂದ ಕರ್ಕೊಂಡು ಬಂದು, ಬಿಜಿಎಂ ಹಾಕಿ, ಕಳಿಸಿಬಿಡೋ ಕಥೆ ಮಾತ್ರ ನಂಗೆ ಒಂದೇ ಕಾಲಮ್ಮಿನ ಲೆಕ್ಕ. ಸಿಳ್ಳೆ ಹೊಡೀತೀನಿ, ಮನೆಗೆ ಬಂದು ಮರೀತೀನಿ.

ಈ ಪರೀಕ್ಷೇಲಿ ನೂರಕ್ಕೆ ನೂರು ತಗೊಂಡಿದ್ದು ನಮ್ಮ ಜಿಲ್ಲೆಯದೇ ಪುಸ್ತಕ. 1980ರ ಕರ್ವಾಲೊ. (ಓದಿಲ್ಲದವರು ಈ ಪ್ಯಾರಾ ಬಿಡಿ.) ಮೂಡಿಗೆರೆಯ ಜೇನು ಸೊಸೈಟಿ, ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಪೊಲೀಸು, ಬಿರಿಯಾನಿ ಕರಿಯಪ್ಪ, ಇದರ ನಡುವೆ ಕೋಟ್ಯಂತರ ವರ್ಷದ ಹಿಂದಿನಿಂದ ಬಂದ ಒಂದು ಹಾರುವ ಓತಿ! ತೇಜಸ್ವಿ ಎಲ್ಲೂ "ಈಗ ಕಾಮಿಡಿ, ಈಗ ಸೈನ್ಸ್" ಅಂತ ಬೋರ್ಡ್ ಹಾಕಲ್ಲ. ದೊಡ್ಡ ವಿಜ್ಞಾನಿಗೆ ಆ ಓತಿ ಕಾಣ್ಬೇಕಂದ್ರೆ ಊರವರು ದಡ್ಡ ಅನ್ನೋ ಮಂದಣ್ಣನ ಕಣ್ಣೇ ಬೇಕು. ಕೊನೆಗೆ ಓತಿ ಸಿಗಲ್ಲ, ಕಣಿವೆಯೊಳಗೆ ತೇಲಿ ಹೋಗುತ್ತೆ. ಕೈಗೆ ಸಿಕ್ಕಿದ್ದಿದ್ರೆ ಬಾಟಲಿಯೊಳಗಿನ ಸ್ಪೆಸಿಮನ್ ಆಗ್ತಿತ್ತು. ತಪ್ಪಿಸಿಕೊಂಡಿದ್ದಕ್ಕೆ ಇವತ್ತಿಗೂ ತಲೇಲಿ ಹಾರ್ತಾ ಇದೆ.

2025ರ ಸು ಫ್ರಂ ಸೋ ಕೂಡ ಹಾಗೇ. ದೆವ್ವದ ಹೆಸರಲ್ಲಿ ಹೊಟ್ಟೆ ಹುಣ್ಣಾಗೋಷ್ಟು ನಗಿಸಿ, ಕೊನೆಗೆ ಒಬ್ಬ ಹೆಣ್ಣುಮಗಳ ಸಂಕಟದ ಮುಂದೆ ತಂದು ನಿಲ್ಲಿಸುತ್ತೆ. ನಗು ಅಲ್ಲಿ ಪುಕ್ಕಟೆ ಅಲ್ಲ.

ಈಗ ಕಷ್ಟದ ಭಾಗಕ್ಕೆ ಬರ್ತೀನಿ.

ನಮ್ಮ ಕಡೆ ಒಂದು ತೊಂದ್ರೆ ಇದೆ. ಹೊರಗಿನವರಿಗೆ ಫ್ಯಾಂಟಸಿ ಅನ್ಸಿದ್ದು ನಮ್ಮ ಮನೆಯವರಿಗೆ ಫ್ಯಾಂಟಸಿ ಅಲ್ಲ. ಬೀರೂರಲ್ಲಿ ಮೈಲಾರಲಿಂಗನ ಕಾರ್ಣಿಕ ಆಗುತ್ತಲ್ಲ, ಒಂದೇ ಒಂದು ಸಾಲಿನ ಭವಿಷ್ಯವಾಣಿ. ಮಾರನೇ ದಿನ ಹೋಟ್ಲಲ್ಲಿ ಕೂತು ಕೇಳಿ. ಈರುಳ್ಳಿ ಹಾಕಿದವರಿಗೆ ಅದು ಮಳೆ, ಅಡಿಕೆ ಇಟ್ಕೊಂಡವರಿಗೆ ರೇಟು, ಇನ್ನೊಬ್ಬರಿಗೆ ಎಲೆಕ್ಷನ್. ಕಥೆಗಾರರಿಗೆ ಇದು ಚಿನ್ನ: ಭವಿಷ್ಯವಾಣಿ ಪ್ಲಸ್ ಮಾರ್ಕೆಟ್. ಆದ್ರೆ ಅದನ್ನ ನಂಬಿ ಬಿತ್ತನೆ ಮಾಡೋ ರೈತನಿಗೆ ಅದು ಜಾನರ್ ಅಲ್ಲ, ಬದುಕು. ಕಾಂತಾರ ಬಂದಾಗ ಕೆಲವರು ದೈವದ ಹಾಗೆ ವೇಷ ಹಾಕಿ ಕುಣಿದ್ರು, ಹಾಗೆ ಮಾಡ್ಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯ್ತು.

ನಾನೂ ಒಂದು ಕಥೆ ಬರೀತಿದ್ದೀನಿ. ಅಜ್ಜಂಪುರದ ಹತ್ರ ಒಂದು ಹಳ್ಳಿ. ಹೊಲದಲ್ಲಿ ಮಳೆ ಅಳೆಯೋ ಮಿಷನ್ನು, ಅದರೊಳಗೆ ಮಾತಾಡೋ ಎಐ. ಗುಡಿಯಲ್ಲಿ ಅಮ್ಮ ಮೈಮೇಲೆ ಬರೋ ಒಬ್ಬ ಮುದುಕಿ. ಇಬ್ಬರೂ ಒಂದೇ ದಿನ ಮಳೆ ಹೇಳ್ತಾರೆ, ಬೇರೆ ಬೇರೆ. ಇದನ್ನ ನಮ್ಮಜ್ಜಿಗೆ ಹೇಳ್ದೆ. ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ಕಾಲದವರು. ಅಡಿಕೆ ಹೋಳು ಮಾಡ್ತಾ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಕೊನೇಲಿ ಮುದುಕಿನ ನೋಡಿ ಜನ ನಗ್ತಾರಾ?"

ಇಲ್ಲ ಅಜ್ಜಿ ಅಂದೆ.

"ಮಿಷನ್ನ ನೋಡಿ?"

ಅದಕ್ಕೂ ಇಲ್ಲ ಅಂದೆ.

"ಹಂಗಾರೆ ಬರಿ ಮಗ. ಮಳೆ ಮಾತ್ರ ಬರುಸ್ಬಿಡು."

ನನ್ನ ಜರ್ನಲ್ ಎಂಟ್ರಿಗಿಂತ ಅಜ್ಜಿ ಪ್ರಶ್ನೆ ದೊಡ್ಡದು ಅನ್ಸಿತು. ಎರಡು ಲೋಕ ಸೇರಿಸೋದು ಸುಲಭ. ಒಂದನ್ನ ದಡ್ಡನ ಮಾಡಿ ಇನ್ನೊಂದನ್ನ ಗೆಲ್ಲಿಸೋದು ಇನ್ನೂ ಸುಲಭ. ಮುದುಕಿ ತಲೆ ಅಲ್ಲಾಡಿಸೋ ತಮಾಷೆ ಸೀನ್ ಹೇಳಿದಾಗ ಫ್ರೆಂಡ್ಸೆಲ್ಲ ಬಿದ್ದು ಬಿದ್ದು ನಕ್ಕಿದ್ರು. ಆ ಸೀನ್ ಕಥೇಲಿ ಇರಲ್ಲ. ಲೈಕ್ ಕಮ್ಮಿ ಬರ್ಬಹುದು. ಬರ್ಲಿ. ಆ ಮುದುಕಿಗೆ ಕೊಟ್ಟ ಮುಖ ನಮ್ಮಜ್ಜಿದು, ಅದನ್ನ ಮೀಮ್ ಮಾಡೋಕೆ ನಂಗೆ ಇಷ್ಟ ಇಲ್ಲ.

ಈಗ ನಿಮ್ಮ ಸರದಿ. ನಿಮ್ಮೂರಿಂದ ಎರಡು ವಸ್ತು ಹೇಳಿ, ಒಂದು ಹಳೇದು, ಒಂದು ಹೊಸದು. ಅಮೃತ್ ಮಹಲ್ ಹೋರಿ ಮತ್ತು ಡ್ರೋನ್, ತರೀಕೆರೆ ಏರಿ ಮತ್ತು ಟೈಮ್ ಮಿಷನ್, ಏನಾದ್ರೂ ಸರಿ. ಆದ್ರೆ ಮೂರನೇ ಸಾಲಲ್ಲಿ ಕಡ್ಡಾಯವಾಗಿ ಬರೀಬೇಕು: ಎರಡೂ ಸೇರಿದಾಗ ಯಾರಿಗೆ ಏನು ಹೋಯ್ತು, ಏನು ಬಂತು. ಟ್ಯಾಲಿ ಆದವನ್ನೆಲ್ಲ ಸ್ಟೋರಿಗೆ ಹಾಕ್ತೀನಿ.

ಭಾಗ 7 ಇಂಟರ್ನಲ್ಸ್ ಮುಗಿದ ಮೇಲೆ. ಅಲ್ಲಿವರೆಗೆ ಅಮೃತಾಪುರಕ್ಕೆ ಹೋದವರು ಸೆಲ್ಫಿ ಆದ್ಮೇಲೆ ಒಂದು ಸಲ ತಿರುಗಿ ಗೋಡೆ ನೋಡಿ.